ಓದದೆ ದಾಟಿಸಿದ ಪುಟಗಳು

ಹೊಲಿಗೆ ಅಂಗಡಿಯ ಮುಂದಿನ ಹಜಾರದಲ್ಲಿ ಯಂತ್ರಗಳ ಗದ್ದಲ. ಅಲ್ಲಿ ಯಾರು ಏನು ಹೇಳಿದರೂ ಅವರ ತುಟಿ ನೋಡಿಯೇ ತಿಳಿಯಬೇಕು. ಹಿಂದಿನ ಕೋಣೆ ಹಾಗಲ್ಲ. ಅಲ್ಲಿ ಕೈಕೆಲಸ. ಆಸ್ಪತ್ರೆಗಳಿಗೆ ಹೋಗುವ ಬಿಳಿ ಕೋಟುಗಳು ಅಲ್ಲಿಗೆ ಬಂದು, ಕಾಜಾ ಹೊಲಿಸಿಕೊಂಡು, ಗುಂಡಿ ಹಾಕಿಸಿಕೊಂಡು, ಕಿಟಕಿ ಪಕ್ಕದ ಮೇಜಿನ ಮೇಲೆ ಇಸ್ತ್ರಿ ಮಾಡಿಸಿಕೊಂಡು ಹೊರಡುತ್ತಿದ್ದವು. ಸೂಜಿಗೆ ಸದ್ದಿಲ್ಲ. ಹಾಗಾಗಿ ಆ ಕೋಣೆಯಲ್ಲಿ ಓದು ನಡೆಯುತ್ತಿತ್ತು.

ಊಟವಾದ ಮೇಲೆ ಒಬ್ಬರು ಪುಸ್ತಕ ಓದುವುದು, ಉಳಿದವರು ಕೆಲಸ ಮಾಡುತ್ತ ಕೇಳುವುದು. ಓದುವವರ ಪಾಲಿನ ಕೋಟುಗಳನ್ನು ಕೇಳುವವರು ಹಂಚಿಕೊಂಡು ಮುಗಿಸಬೇಕು. ಮಾಲೀಕರಿಗೆ ಇದು ಗೊತ್ತಿತ್ತು. ಕೋಟುಗಳು ಹೊತ್ತಿಗೆ ಸರಿಯಾಗಿ ಹೊರಡುವವರೆಗೆ ತಮಗೆ ಗೊತ್ತಿಲ್ಲದ ಹಾಗೆ ಇರುತ್ತಿದ್ದರು.

ಓದುತ್ತಿದ್ದವಳು ಯಾವಾಗಲೂ ಅಕ್ಕ. ಅವಳ ತಂದೆ ಕಾವ್ಯ ವಾಚನ ಮಾಡುತ್ತಿದ್ದವರು. ಸಂಜೆ ದೀಪ ಹಚ್ಚಿ, ಕೈಮುಗಿದು, ಅಕ್ಕಪಕ್ಕದವರನ್ನು ಕೂರಿಸಿಕೊಂಡು ರಾಗವಾಗಿ ಓದುತ್ತಿದ್ದರು. ಪದ್ಯದ ಅರ್ಥ ತಿಳಿಯುವ ಮೊದಲೇ ಅವಳಿಗೆ ಅದರ ಉಸಿರು ತಿಳಿದಿತ್ತು: ಎಲ್ಲಿ ನಿಲ್ಲಬೇಕು, ಎಲ್ಲಿ ಕೇಳುವವರನ್ನು ಒಂದು ಗಳಿಗೆ ಸುಮ್ಮನೆ ಬಿಡಬೇಕು ಎಂಬುದು. ತಂದೆಗೆ ಒಂದು ಪಟ್ಟು ಇತ್ತು. ಸಾವಿನಲ್ಲೋ ಸೋಲಿನಲ್ಲೋ ಅಂದಿನ ಓದನ್ನು ನಿಲ್ಲಿಸುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಸರಿ, ಒಂದು ಮಗು ಹುಟ್ಟಬೇಕು, ಇಲ್ಲವೇ ಅಗಲಿದವರು ಸೇರಬೇಕು. ಆಮೇಲೆಯೇ ಪುಸ್ತಕ ಮುಚ್ಚುವುದು. "ಕೇಳೋಕೆ ಬಂದವರನ್ನ ಕತ್ತಲೆಯಲ್ಲಿ ಬಿಟ್ಟು ಏಳಬಾರದು" ಎನ್ನುತ್ತಿದ್ದರು. ಅಕ್ಕ ಅದನ್ನು ಹಿಂದಿನ ಕೋಣೆಯಲ್ಲೂ ಪಾಲಿಸುತ್ತಿದ್ದಳು.

ಆ ಕೋಣೆಯಲ್ಲಿ ಐದು ಜನ. ಗುಂಡಿ ಹಾಕುವ ಅಜ್ಜಿ ಎಲ್ಲರಿಗಿಂತ ಹಿರಿಯಳು. ದಾರ ಪೋಣಿಸಲು ಮಾತ್ರ ಬೇರೆಯವರ ಕಣ್ಣು ಬೇಕು, ಮಿಕ್ಕದ್ದೆಲ್ಲ ಬೆರಳೇ ನೋಡಿಕೊಳ್ಳುತ್ತಿತ್ತು. ಕಾಜಾ ಹೊಲಿಯುವವಳಿಗೆ ಚಟಪಟ ಎಂದು ಹೆಸರು, ಅವಳ ಮಾತಿನಿಂದಾಗಿ. ಬಟ್ಟೆ ಕತ್ತರಿಸುವ ಮಾಸ್ತರು ಗೋಡೆಯ ಕಡೆ ದೊಡ್ಡ ಮೇಜು ಹಾಕಿಕೊಂಡು ನಿಂತಿರುತ್ತಿದ್ದರು. ಐದನೆಯವನು ಅಕ್ಕನ ಸ್ವಂತ ತಮ್ಮ. ಇಸ್ತ್ರಿ ಅವನ ಕೆಲಸ. ಅವಳು ಎಲ್ಲರಿಗೂ ಅಕ್ಕ ಆದ ಮೇಲೆ ಅವನು ಎಲ್ಲರಿಗೂ ತಮ್ಮನೇ ಆಗಿಬಿಟ್ಟ. ಅವನಿಗಿಂತ ಚಿಕ್ಕವಳಾದ ಚಟಪಟ ಕೂಡ "ಏ ತಮ್ಮಾ" ಎಂದೇ ಕರೆಯುತ್ತಿದ್ದಳು.

ತಮ್ಮ ಮೊದಲು ಲಾರಿ ಶೆಡ್ಡಿನಲ್ಲಿದ್ದ. ಅಲ್ಲಿ ಕುಡಿತ ಹತ್ತಿತು. ಹೆಂಡತಿ ತವರಿಗೆ ಹೋದಳು, ಮರಳಿ ಬರಲಿಲ್ಲ. ಒಂದು ದಿನ ಅಕ್ಕ ಶೆಡ್ಡಿಗೇ ಹೋಗಿ, ಟೈರುಗಳ ನಡುವೆ ಮಲಗಿದ್ದವನನ್ನು ಎಬ್ಬಿಸಿ ಕರೆತಂದಿದ್ದಳು. ಆಮೇಲೆ ಆಸ್ಪತ್ರೆ, ಮಾತ್ರೆ, ನಡುಕ, ಬೆವರು. ಬಿಟ್ಟು ಬಹಳ ತಿಂಗಳಾಗಿತ್ತು. ಕೋಣೆಯವರಿಗೆಲ್ಲ ಇದು ಗೊತ್ತು. ಯಾರೂ ಎತ್ತುತ್ತಿರಲಿಲ್ಲ.

ಹಾಗಿರುವಾಗ ಗ್ರಂಥಾಲಯದಿಂದ ಈ ಕಾದಂಬರಿ ತಂದವಳು ಚಟಪಟ. ರಕ್ಷಾಪುಟದ ಮೇಲೆ ವಾಚಿನ ಚಿತ್ರ ನೋಡಿ ಪತ್ತೇದಾರಿ ಎಂದುಕೊಂಡಿದ್ದಳು. ಓದತೊಡಗಿದ ಮೇಲೆ ಗೊತ್ತಾಯಿತು, ಅದು ಕುಡಿತಕ್ಕೆ ಬಿದ್ದ ವಾಚ್ ರಿಪೇರಿಯವನೊಬ್ಬನ ಕಥೆ. ಅಕ್ಕ ಅರ್ಧದಲ್ಲಿ ಇಸ್ತ್ರಿ ಮೇಜಿನ ಕಡೆ ನೋಡಿದಳು. "ಬೇರೆ ತರೋಣವಾ?" ಎಂದಳು. ತಮ್ಮ ಕಾಲರಿನ ಮೇಲೆ ನೀರು ಚಿಮುಕಿಸುತ್ತಿದ್ದವನು ತಲೆಯೆತ್ತದೆ, "ಯಾಕೆ? ಚೆನ್ನಾಗಿದೆಯಲ್ಲ" ಎಂದ. ಓದು ಮುಂದುವರಿಯಿತು.

ವಾಚಿನವನು ಒಂದು ಸಂಜೆ ಬಾಟಲಿಯನ್ನು ಚರಂಡಿಗೆ ಸುರಿದ ದಿನ ಅಜ್ಜಿ ಸೂಜಿ ಕೆಳಗಿಟ್ಟು ಕೈಮುಗಿದಳು. ಅದಾದ ಮೇಲೆ ಕೆಲವು ದಿನ ಕಥೆ ನೆಮ್ಮದಿಯಾಗಿ ಸಾಗಿತು. ವಾರದ ಕೊನೆಯ ದಿನ ಹೊಸ ಅಧ್ಯಾಯ ತೆರೆದಾಗ ಅಕ್ಕನ ಕಣ್ಣು ನಾಲಿಗೆಗಿಂತ ಒಂದು ಸಾಲು ಮುಂದೆ ಓಡಿತು. ಗಟ್ಟಿಯಾಗಿ ಓದುವವರಿಗೆ ಅದು ರೂಢಿ. "ಬಂದ ಗಿರಾಕಿ ಹಳೆಯ ಗೆಳೆಯ, ಅವನ ಚೀಲದಲ್ಲಿ ಬಾಟಲಿ ಇತ್ತು" ಎಂದಿತ್ತು ಆ ಸಾಲು. ಅವಳು ಪುಟದ ಕೆಳಗೆ ನೋಡಿದಳು. ಮುಂದಿನ ಪುಟಗಳನ್ನು ಸರಸರನೆ ಮಗುಚಿ ನೋಡಿದಳು. ಅವನು ಬೀಳುತ್ತಾನೆ, ಬಿದ್ದವನು ಎರಡು ಅಧ್ಯಾಯ ಏಳುವುದಿಲ್ಲ. ಗಂಟೆ ಹೊಡೆಯಲು ಹೆಚ್ಚು ಹೊತ್ತಿಲ್ಲ. ನಾಳೆ ರಜೆ. ಅಷ್ಟರಲ್ಲಿ ಓದಿ ಮುಗಿಸಲಾಗದು, ನಡುವೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಆ ಬಾಟಲಿಯನ್ನು ಕಿವಿಯಲ್ಲಿಟ್ಟುಕೊಂಡು ತಮ್ಮ ಇಡೀ ರಜೆ ಕಳೆಯಬೇಕು.

"ಏನಕ್ಕಾ, ಕನ್ನಡಕ ಮಸುಕಾಯ್ತಾ?" ಎಂದಳು ಚಟಪಟ.

ಅಕ್ಕ ಬೆರಳು ಒದ್ದೆ ಮಾಡಿಕೊಂಡು ಆ ಎರಡು ಅಧ್ಯಾಯದ ಹಾಳೆಗಳನ್ನು ಒಟ್ಟಿಗೇ ತಿರುಗಿಸಿದಳು. "ಮಗಳ ಶಾಲೆಯ ಗೇಟಿನ ಹತ್ತಿರ ಅವನು ಕಾಯುತ್ತಾ ನಿಂತಿದ್ದ" ಎಂದು ಓದಿದಳು. ದನಿ ಎಲ್ಲೂ ತೊಡರಲಿಲ್ಲ. ಯಾರಿಗೂ ತಿಳಿಯಲಿಲ್ಲ.

ಮುಂದಿನ ವಾರ ಪುಸ್ತಕ ಮುಗಿಯಿತು. ಮುಗಿದ ಮರುದಿನ ಆ ಕೋಣೆಯಲ್ಲಿ ಓದು ಇಲ್ಲ, ವಿಚಾರಣೆ. ಎಲ್ಲರೂ ತಮಗನ್ನಿಸಿದ್ದು ಹೇಳಲೇಬೇಕು. "ಚೆನ್ನಾಗಿತ್ತು" ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ.

ಮಾಸ್ತರು ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಮೊದಲು ಶುರು ಮಾಡಿದರು.

"ಬರೆದವರು ಯಾರೋ, ಕುಡುಕರನ್ನ ದೂರದಿಂದಲೂ ನೋಡಿಲ್ಲ. ಬಾಟಲಿ ಸುರಿದನಂತೆ, ಮುಗೀತಂತೆ. ಹಲ್ಲು ಕೀಳಿಸಿಕೊಂಡು ಬಂದ ಹಾಗೆ! ನಮ್ಮಪ್ಪ ಎಷ್ಟು ಸಲ ಸುರಿದ ಗೊತ್ತಾ? ನಮ್ಮ ಚರಂಡಿಗೇ ಅಮಲು ಹತ್ತಿತ್ತು."

ಚಟಪಟ ನಕ್ಕು ಸೂಜಿ ಚುಚ್ಚಿಕೊಂಡಳು. ಬೆರಳು ಬಾಯಿಗಿಟ್ಟುಕೊಂಡೇ ಮಾತಾಡಿದಳು. "ಅದಿರಲಿ ಮಾಸ್ತರೇ. ಆ ಹೆಂಡತಿಗೆ ಬಾಯಿಲ್ವಾ? ಬಡಿಸ್ತಾಳೆ, ಅಳ್ತಾಳೆ, ಬಾಗಿಲು ಹಾಕ್ತಾಳೆ, ಬಾಗಿಲು ತೆಗೀತಾಳೆ. ಬಾಗಿಲ ಕೆಲಸಕ್ಕೆ ಅಂತಲೇ ಸಂಬಳ ಕೊಟ್ಟು ಇಟ್ಕೊಂಡ ಹಾಗಿದೆ! ನಾನಾಗಿದ್ರೆ ಒಂದು ಮಾತಾದ್ರೂ ಕೇಳ್ತಿದ್ದೆ."

"ಒಂದೇ ಮಾತಾ?" ಎಂದರು ಮಾಸ್ತರು.

"ನನ್ನ ಗಂಡನ್ನ ಕೇಳಿ, ಪಾಪ, ಅವರೇ ಹೇಳ್ತಾರೆ."

ಅಜ್ಜಿಗೆ ಇವರಿಬ್ಬರ ಮಾತೂ ಹಿಡಿಸಲಿಲ್ಲ. "ನಿಜ ಬೇಕಾದವರು ಪೇಪರ್ ಓದಲಿ. ನನಗೆ ಚೆನ್ನಾಗಿತ್ತಪ್ಪ. ಮನುಷ್ಯ ಕೆಟ್ಟ, ದೇವರು ಕಣ್ಣು ಬಿಟ್ಟ, ಸರಿಹೋದ. ಅದಕ್ಕಿಂತ ಇನ್ನೇನು ಬೇಕು? ಮಗಳು ಶಾಲೆ ಗೇಟಿಂದ ಓಡಿ ಬಂದಾಗ ನಾನು ಎರಡು ಗುಂಡಿ ತಪ್ಪು ಹಾಕಿದೆ."

"ಮೂರು" ಎಂದ ತಮ್ಮ, ಇಸ್ತ್ರಿ ಮೇಜಿನಿಂದ.

"ಓಹೋ, ಇಲ್ಲೇ ಇದ್ದಾನೆ! ಹೇಳಪ್ಪಾ ತಮ್ಮ, ನಿನಗೇನನ್ನಿಸ್ತು?" ಎಂದಳು ಅಜ್ಜಿ.

ತಮ್ಮ ಕೋಟಿನ ತೋಳನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದ. "ಗಟ್ಟಿ ಮನುಷ್ಯ ಅವನು" ಎಂದ. "ಒಂದು ಸಲ ಬಿಟ್ಟ ಅಂದ್ರೆ ಬಿಟ್ಟ. ಅಂಥವರಿಗೆ ಆಗತ್ತೆ. ಎಲ್ಲರಿಗೂ ಆಗಲ್ಲ."

ಮಾಸ್ತರು ಏನೋ ಹೇಳಲು ಬಾಯಿ ತೆರೆದವರು ಅವನ ಮುಖ ನೋಡಿ ಸುಮ್ಮನಾದರು. ಅಕ್ಕ ಪುಸ್ತಕವನ್ನು ಕೈಚೀಲದೊಳಗೆ ಇಟ್ಟುಬಿಟ್ಟಳು. ಯಾಕೆಂದು ಅವಳಿಗೂ ಆಗ ಸರಿಯಾಗಿ ತಿಳಿಯಲಿಲ್ಲ.

ಹೆಂಗಸರು ಸಂಜೆ ಬೇಗ ಹೊರಡುತ್ತಿದ್ದರು. ಇಸ್ತ್ರಿಯೂ ಕತ್ತರಿಯೂ ಇನ್ನೊಂದಿಷ್ಟು ಹೊತ್ತು ನಡೆಯುತ್ತಿದ್ದವು. ಅಕ್ಕ ಮನೆಗೆ ಬಂದು ಅಕ್ಕಿ ತೊಳೆದಿಟ್ಟಾಗ ತಮ್ಮ ಬಂದ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅದು. ಅವನು ಕೈಕಾಲು ತೊಳೆಯಲಿಲ್ಲ. ಹಗ್ಗದ ಮೇಲಿದ್ದ ತನ್ನ ಅಂಗಿಗಳನ್ನು ತೆಗೆದು ಚೀಲಕ್ಕೆ ತುಂಬತೊಡಗಿದ.

"ಎಲ್ಲಿಗೆ?"

"ಶೆಡ್ಡಿಗೆ."

"ಯಾವ ಶೆಡ್ಡು?"

"ನನಗೆ ಎಷ್ಟು ಶೆಡ್ಡು ಗೊತ್ತು ಅಕ್ಕ, ಒಂದೇ."

ಅವಳು ಒಲೆ ಸಣ್ಣ ಮಾಡಿದಳು. ಅವನು ಅಂಗಿ ಮಡಚುವುದನ್ನು ನಿಲ್ಲಿಸಲಿಲ್ಲ. ಕೋಟು ಮಡಚುವ ಕೈ, ಅಂಗಿಗಳೂ ಅಷ್ಟೇ ಒಪ್ಪವಾಗಿ ಕುಳಿತವು.

"ರಜೆ ದಿನ ಕುಡಿದೆ" ಎಂದ. "ನಿನಗೆ ಸ್ನೇಹಿತನ ಮನೆ ಅಂತ ಹೇಳಿದ್ದೆ. ಆ ತಿರುವಿನ ಬ್ರಾಂದಿ ಅಂಗಡಿ ಮುಂದೆ ದಿನಾ ಬಗ್ಗಿದ ತಲೆ ಎತ್ತದೆ ಹೋಗ್ತಿದ್ದೆ. ಅವತ್ತು ಎತ್ತಿದೆ. ಅಷ್ಟೇ. ಕಾರಣ ಕೇಳಬೇಡ, ಇಲ್ಲ. ಪುಸ್ತಕದ ಮನುಷ್ಯ ಒಂದೇ ಸಲಕ್ಕೆ ಬಿಟ್ಟುಬಿಟ್ಟ. ಅವನು ಬರೀ ಕಾಗದದ ಮನುಷ್ಯ. ನನಗೆ ಅಷ್ಟೂ ಆಗಲಿಲ್ಲ. ಇನ್ನು ನೀನು ನನಗೆ ಅನ್ನ ಹಾಕಿ ಸಾಕೋದು, ಅವರೆಲ್ಲ ನನ್ನ ಮುಂದೆ ಮಾತು ನುಂಗಿಕೊಳ್ಳೋದು... ಬೇಡ."

ಅಕ್ಕ ಗೋಡೆಗೆ ಒರಗಿದಳು. ತಂದೆಯ ದೀಪದ ಮುಂದೆ ಕೂತು ಕಲಿತ ಓದು ಯಾವ ಕೆಲಸ ಮಾಡಿತ್ತೋ ಅದು ಈಗ ಅವಳಿಗೆ ಕಂಡಿತು.

"ಅವನು ಬೀಳ್ತಾನೆ ಕಣೋ" ಎಂದಳು.

"ಯಾರು?"

"ವಾಚಿನವನು. ಮಧ್ಯದಲ್ಲಿ ಎರಡು ಅಧ್ಯಾಯ ಇದೆ. ನಾನು ಓದಲಿಲ್ಲ. ಹಾಳೆ ದಾಟಿಸಿಬಿಟ್ಟೆ."

ಅವನು ಅಂಗಿ ಕೈಯಲ್ಲೇ ಹಿಡಿದು ತಿರುಗಿದ. "ಯಾಕೆ?"

"ಗಂಟೆ ಆಗ್ತಿತ್ತು... ಮಾರನೆ ದಿನ ರಜೆ. ನೀನಿದ್ದೆ."

"ನಾನಿದ್ದೆ" ಎಂದ ತಮ್ಮ. ನಗು ಬಂತು, ಅದು ನಗುವಲ್ಲ. "ಹಾಲಿನ ಪಾತ್ರೆ ಮೇಲೆ ತಟ್ಟೆ ಮುಚ್ಚಿದ ಹಾಗೆ ನನ್ನ ಮೇಲೂ ಮುಚ್ಚಿದೆ. ಬೆಕ್ಕು ನಾನೇ, ಹಾಲೂ ನಾನೇ. ಅಲ್ಲಾ ಅಕ್ಕ, ಮಾಸ್ತರು ಅವನನ್ನ ಸುಳ್ಳು ಅಂದಾಗಲೂ ಸುಮ್ಮನಿದ್ದೆಯಲ್ಲ?"

"ನನ್ನಿಂದ ನೀನು..."

"ಅದು ಬೇಡ" ಎಂದು ಅವನು ತಡೆದ. "ನಿನ್ನ ಓದಿನಿಂದ ಕುಡಿಯಲಿಲ್ಲ. ಕುಡಿದವನು ನಾನು. ಅದಾದರೂ ನನ್ನದಾಗಿ ಇರಲಿ."

ಕೆಳಗೆ ಸೈಕಲ್ ಅಂಗಡಿಯವನು ಗಾಳಿ ಹೊಡೆಯುವ ಸದ್ದು ಬರುತ್ತಿತ್ತು. ಪುಸ್ತಕ ಅವಳ ಕೈಚೀಲದಲ್ಲೇ ಇತ್ತು. ತೆಗೆದು, "ಈಗಲೇ ಓದ್ತೀನಿ, ಕೂತ್ಕೋ" ಎಂದಳು.

"ಇಲ್ಲಿ ಬೇಡ. ಅಲ್ಲಿ ಬಿಟ್ಟದ್ದು ಅಲ್ಲೇ ಓದು. ಎಲ್ಲರ ಮುಂದೆ. ನಾಳೆ ಒಂದು ದಿನ ಬರ್ತೀನಿ, ಕೇಳ್ತೀನಿ, ಹೋಗ್ತೀನಿ."

ಮರುದಿನ ಅವನು ಚೀಲದೊಂದಿಗೇ ಬಂದು ಅದನ್ನು ಇಸ್ತ್ರಿ ಮೇಜಿನ ಕೆಳಗೆ ತಳ್ಳಿದ. ಚಟಪಟ ನೋಡಿದಳು. "ಪ್ರವಾಸವಾ?" ಎಂದಳು. ಅವನು ಮೊದಲ ಕೋಟನ್ನು ಮೇಜಿನ ಮೇಲೆ ಹರಡಿದ.

ಊಟವಾದ ಮೇಲೆ ಅಕ್ಕ ಹೊಸ ಪುಸ್ತಕ ತೆಗೆಯುತ್ತಾಳೆಂದು ಎಲ್ಲರೂ ಕಾದಿದ್ದರು. ಅವಳು ಹಳೆಯದನ್ನೇ ತೆಗೆದಳು. ಕೈಯಲ್ಲಿ ಹಿಡಿದು, ಓದುವ ದನಿಯಲ್ಲಲ್ಲ, ತನ್ನದೇ ಸಣ್ಣ ದನಿಯಲ್ಲಿ ಹೇಳಿದಳು: "ನಿಮಗೆಲ್ಲ ನಾನು ಪೂರ್ತಿ ಓದಲಿಲ್ಲ. ನಡುವೆ ಎರಡು ಅಧ್ಯಾಯ ಹಾರಿಸಿದೆ. ಇವತ್ತು ಅದನ್ನ ಓದ್ತೀನಿ."

"ಅಯ್ಯೋ ರಾಮ! ಹಾಗಾದ್ರೆ ನಾನು ನಿಮ್ಮ ಪಾಲಿನ ಕಾಜಾ ಪೂರ್ತಿ ಯಾಕೆ ಹೊಲಿದೆ?" ಎಂದಳು ಚಟಪಟ. ನಿಜಕ್ಕೂ ಸಿಟ್ಟು ಬಂದಿತ್ತು ಅವಳಿಗೆ.

"ಸುಮ್ಮನಿರೇ. ಓದಮ್ಮ" ಎಂದಳು ಅಜ್ಜಿ.

ಅಕ್ಕ ಓದಿದಳು. ಗೆಳೆಯ ಬಂದ, ಬಾಟಲಿ ಬಂತು, ವಾಚಿನವನು ಮೊದಲು ಬೇಡವೆಂದ, ಆಮೇಲೆ ಲೋಟ ತಾನೇ ತೊಳೆದು ತಂದ. ಆ ಲೋಟ ತೊಳೆಯುವುದನ್ನು ಬರೆದವರು ನಿಧಾನವಾಗಿ ಬರೆದಿದ್ದರು: ತಣ್ಣನೆಯ ನೀರು, ಬೆರಳಿನಿಂದ ಅಂಚು ಉಜ್ಜುವುದು. ಅಕ್ಕ ಅದನ್ನು ಅವಸರಪಡಿಸಲಿಲ್ಲ. ಬೆಳಿಗ್ಗೆ ಅವನಿಗೆ ಎಚ್ಚರವಾದಾಗ ಯಾರೋ ರಿಪೇರಿಗೆ ಕೊಟ್ಟ ವಾಚು ಮೇಜಿನ ಮೇಲೆ ಬಿಚ್ಚಿ ಹರಡಿತ್ತು, ಅದರ ಅತಿ ಸಣ್ಣ ಚಕ್ರವೊಂದು ಕಾಣೆಯಾಗಿತ್ತು. ಹುಡುಕಲು ಕೈ ನಿಲ್ಲುತ್ತಿರಲಿಲ್ಲ. ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಈ ಭಾಗದಲ್ಲಿ ಅವಳು ಮಾತಾಡಿದಳು, ಒಂದೆರಡು ಮಾತಲ್ಲ. ಮದುವೆಯಾದಂದಿನಿಂದ ಹೇಳದೆ ಉಳಿಸಿಕೊಂಡಿದ್ದನ್ನೆಲ್ಲ ಹೇಳಿದಳು. ನೀನು ಬಿಟ್ಟ ದಿನ ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಇನ್ನು ಪ್ರತಿದಿನ ನೀನು ಯಾವಾಗ ಬೀಳುತ್ತೀಯೆಂದು ಕಾಯಬೇಕಲ್ಲ ಎಂದು. ಈಗ ಬಿದ್ದೆ, ಇವತ್ತು ನನಗೆ ಹೆದರಿಕೆ ಸ್ವಲ್ಪ ಕಡಿಮೆ, ಎಂದಳು. ಹೇಳಿ, ನೆಲದ ಮೇಲೆ ಕೂತು ಅವನ ಜೊತೆ ಚಕ್ರ ಹುಡುಕಿದಳು. ಚಕ್ರ ಸಿಗಲಿಲ್ಲ. ಅವನು ವಾಚಿನ ಯಜಮಾನನ ಮನೆಗೆ ನಡೆದು ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದ.

ಓದುತ್ತಿರುವಾಗ ಕೋಣೆಯಲ್ಲಿ ಯಾರೂ ಕಿಟಕಿ ಪಕ್ಕದ ಇಸ್ತ್ರಿ ಮೇಜಿನ ಕಡೆ ನೋಡಲಿಲ್ಲ. ನೋಡದಿರುವುದೇ ಒಂದು ದೊಡ್ಡ ಕೆಲಸವಾಯಿತು. ಮಾಸ್ತರು ಒಂದೇ ಗೆರೆಯ ಮೇಲೆ ಸೀಮೆಸುಣ್ಣ ಎಳೆದೂ ಎಳೆದೂ ದಪ್ಪ ಮಾಡಿಬಿಟ್ಟರು.

ಪುಸ್ತಕ ಮುಚ್ಚಿದ ಮೇಲೆ ಮೊದಲು ಮಾತಾಡಿದವನು ತಮ್ಮ. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟ.

"ರಜೆ ದಿನ ನಾನೂ ಕುಡಿದೆ."

ಅಜ್ಜಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, "ಆಮೇಲೆ ಊಟ ಮಾಡಿದ್ಯಾ?" ಎಂದಳು.

"ಆಂ?"

"ಊಟ. ಖಾಲಿ ಹೊಟ್ಟೆಯಲ್ಲೇ ಮಲಗಿದ್ಯಾ ಅಂತ ಕೇಳ್ದೆ."

"ಇಲ್ಲ ಅಜ್ಜಿ. ಮಾಡಿದೆ. ಅಕ್ಕ ಇಟ್ಟಿದ್ದಳು."

"ಹಾಂ." ಅಜ್ಜಿ ಮತ್ತೆ ಗುಂಡಿಗೆ ಬಗ್ಗಿದಳು. "ಸರಿ. ಆದರೆ ಒಂದು ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ನನಗೆ ಮೊದಲು ಓದಿದ್ದೇ ಚೆನ್ನಾಗಿತ್ತು. ಇದನ್ನ ಕೇಳಿದ ಮೇಲೆ ಆ ಶಾಲೆ ಗೇಟಿನ ಹತ್ತಿರವೂ ನನಗೆ ಭಯವೇ. ಇನ್ನು ಅವನು ಎಲ್ಲಿ ನಿಂತರೂ ಭಯವೇ."

"ಅದೇ ಅಜ್ಜಿ ಚೆನ್ನಾಗಿರೋದು!" ಎಂದು ಚಟಪಟ ಮೇಲೆದ್ದಳು. "ಆ ಹೆಂಡತಿ! ಎಂಥ ಮಾತು ಹೇಳಿದಳು! ಅಕ್ಕಾ, ನೀವು ಅವಳ ಬಾಯಿ ಕಟ್ಟಿಹಾಕಿದ್ದಿರಿ, ನಿಮಗೆ ಪಾಪ ಸುತ್ತಿಕೊಳ್ಳತ್ತೆ. ನಾನು ನಿನ್ನೆ ಅವಳನ್ನ ಬಾಗಿಲು ಕಾಯೋಳು ಅಂದೆ. ಈಗ ನಾನು ಅವಳಿಗೆ ಹೇಗೆ ಮುಖ ತೋರಿಸಲಿ?"

ತಮ್ಮನಿಗೆ ನಗು ಬಂತು, ಈ ಸಲ ನಗುವೇ. ಅವನು ಬೇಗ ಮುಖ ತಿರುಗಿಸಿಕೊಂಡ.

ಇನ್ನು ಉಳಿದವರು ಮಾಸ್ತರು. ಎಲ್ಲರೂ ಅವರನ್ನು ನೋಡಿದರು.

"ಸುಳ್ಳು ಅಂತ ಇನ್ನು ಅನ್ನಲ್ಲ" ಎಂದರು. "ಆದರೆ ಇಷ್ಟ ಅಂತಲೂ ಅನ್ನಲ್ಲ. ನಮ್ಮಪ್ಪನೂ ಬಿದ್ದ. ಚಕ್ರ ಹುಡುಕೋಕೆ ನಮ್ಮಮ್ಮನೂ ಕೂತಳು, ಎಷ್ಟೋ ಸಲ. ಅವನು ಏಳಲಿಲ್ಲ. ಆ ಪುಸ್ತಕ ಯಾರೂ ಬರೆಯಲ್ಲ." ದಪ್ಪವಾದ ಗೆರೆಯನ್ನು ಅಂಗೈಯಿಂದ ಒರೆಸಿದರು. ಆಮೇಲೆ, ಬಟ್ಟೆಯ ಕಡೆ ನೋಡುತ್ತಲೇ, "ಆ ಚೀಲ ಯಾರದು?" ಎಂದು ಕೇಳಿದರು.

"ನಂದು" ಎಂದ ತಮ್ಮ.

"ದೂಳಾಗತ್ತೆ ಅಲ್ಲಿ."

ಸಂಜೆ ಅಕ್ಕ ಹೊರಡುವ ಹೊತ್ತಿಗೆ ಅಜ್ಜಿಯೂ ಚಟಪಟವೂ ಮೆಟ್ಟಿಲಿಳಿದಾಗಿತ್ತು. ಅವಳು ಬಾಗಿಲ ಹತ್ತಿರ ತಡೆದಳು. "ನಾನು ಕಾಯ್ತೀನಿ. ಒಟ್ಟಿಗೆ ಹೋಗೋಣ" ಎಂದಳು ತಮ್ಮನಿಗೆ.

"ಬೇಡ ಅಕ್ಕ. ದಿನಾ ಎಷ್ಟು ಅಂತ ಕಾಯ್ತೀಯ?" ಅವನು ಬಗ್ಗಿ ಚೀಲವನ್ನು ಎಳೆದು ದೂಳು ಕೊಡವಿದ. ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡು ನಿಂತ. ಅವನು ಅದನ್ನು ಅವಳ ಕಡೆ ಚಾಚಿದ. "ಇದನ್ನ ತಗೊಂಡು ಹೋಗು. ಭಾರ ಏನಿಲ್ಲ."

ಆಮೇಲೆ ಕತ್ತರಿ ಮೇಜಿನ ಕಡೆ ತಿರುಗಿ, "ಮಾಸ್ತರೇ, ನೀವು ಸಂಜೆ ಯಾವ ದಾರಿಯಲ್ಲಿ ಹೋಗ್ತೀರಿ?" ಎಂದ.

"ಸೇತುವೆ ಮೇಲೆ. ಯಾಕೆ?"

"ನನ್ನ ದಾರಿಯಲ್ಲಿ ಆ ಅಂಗಡಿ ಇದೆ."

ಮಾಸ್ತರು ಅವನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ದಯೆ ಇರಲಿಲ್ಲ. ಹಳೆಯ ಸಿಟ್ಟೊಂದು ಎದ್ದು ಕೂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸುತ್ತ ನೋಡಿದಂತಿತ್ತು.

"ಸೇತುವೆ ಕಡೆಯಿಂದ ನಿನ್ನ ಮನೆಗೆ ಸುತ್ತು."

"ಆಗಲಿ."

"ನಾನು ನಿಧಾನ ನಡೀತೀನಿ. ಮಂಡಿ ನೋವು. ದಾರಿಯುದ್ದಕ್ಕೂ ಮಾತಾಡ್ತೀನಿ."

"ಗೊತ್ತು ಮಾಸ್ತರೇ."

"ಬೈತೀನಿ ಕೂಡ."

"ಅದೂ ಗೊತ್ತು."

"ಹಾಗಾದರೆ ಆ ಕೋಟು ಬೇಗ ಮುಗಿಸು, ನಿಂತ್ಕೊಂಡು ಏನು ನೋಡ್ತೀಯ" ಎಂದರು ಮಾಸ್ತರು.

ಅಕ್ಕ ಚೀಲ ಎತ್ತಿಕೊಂಡು ಒಬ್ಬಳೇ ಮನೆಗೆ ಬಂದಳು. ಅಂಗಿಗಳನ್ನು ಹಗ್ಗದ ಮೇಲೆ ಹಾಕಲೋ ಬೇಡವೋ ಎಂದು ಯೋಚಿಸಿ, ಬಿಚ್ಚದೆ ಅವನ ಹಾಸಿಗೆಯ ಪಕ್ಕದಲ್ಲಿಟ್ಟಳು. ಅದು ಅವನ ಕೆಲಸ. ಅನ್ನಕ್ಕೆ ಇಟ್ಟಳು. ಬಾಯಲ್ಲಿ ತಂದೆಯ ಕಾಲದ ಒಂದು ಪದ್ಯ ತಾನಾಗಿ ಬರುತ್ತಿತ್ತು. ಅದರಲ್ಲಿ ಯಾರೋ ಕಾಡಿನಲ್ಲಿ ದಾರಿ ತಪ್ಪಿದ್ದರು. ಅವನು ಬರುವ ಹೊತ್ತು ದಾಟಿತು. ಕೆಳಗೆ ಸೈಕಲ್ ಅಂಗಡಿಯವನು ಬಾಗಿಲೆಳೆದುಕೊಂಡು ಹೋದ. ಅವಳು ಕಿಟಕಿಗೆ ಹೋಗಲಿಲ್ಲ. ಹೋಗದಿರಲು ಪಾತ್ರೆ ತಿಕ್ಕಿದಳು. ತಿಕ್ಕಿದ ಪಾತ್ರೆಯನ್ನೇ ಮತ್ತೊಮ್ಮೆ ತಿಕ್ಕಿದಳು.

ಆಮೇಲೆ ಮೆಟ್ಟಿಲ ಕೆಳಗೆ ದನಿ ಕೇಳಿಸಿತು. ಎರಡು ದನಿ. ಒಂದು ಏರುತ್ತಿತ್ತು, ಇನ್ನೊಂದು ಬಿಡುತ್ತಿರಲಿಲ್ಲ.

"ಹೇಳಬಾರದಿತ್ತು ಅಂತೀನಿ ನಾನು! ವಾಚಿನ ಯಜಮಾನನ ಹತ್ರ ಹೋಗಿ, ಸ್ವಾಮೀ, ಕುಡಿದು ಕಳೆದೆ ಅಂದರೆ ನಾಳೆ ಅವನ ಅಂಗಡಿಗೆ ಯಾರು ಬರ್ತಾರೆ? ಚಕ್ರ ಸಿಗಲಿಲ್ಲ ಅಂದಿದ್ದರೆ ಸಾಕಿತ್ತು."

"ಅದು ಅರ್ಧ ಆಗತ್ತೆ ಮಾಸ್ತರೇ."

"ಅರ್ಧ ಆದರೆ ಏನಂತೆ? ಹೊಟ್ಟೆ ತುಂಬಬೇಡ್ವಾ?"

ಮೆಟ್ಟಿಲ ತುದಿಯಲ್ಲಿ ಮಾಸ್ತರು ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ನಿಂತರು. ಅವರ ಮನೆ ಸೇತುವೆಯ ಆಚೆಯೇ ಇತ್ತು. ತಮ್ಮ ಮನೆ ದಾಟಿ ಇಷ್ಟು ದೂರ ಯಾಕೆ ಬಂದರೆಂದು ಅಕ್ಕ ಕೇಳಲಿಲ್ಲ.

"ನೀನೇ ಹೇಳಮ್ಮ" ಎಂದರು ಅವರು, ಅವಳನ್ನು ಕಂಡ ಕೂಡಲೇ. "ಹೇಳಬೇಕಿತ್ತಾ, ಬೇಡವಾ?"

"ಮಾಸ್ತರಿಗೆ ಮೊದಲು ನೀರು ಕೊಡು ಅಕ್ಕ" ಎಂದ ತಮ್ಮ. "ಜಗಳ ಇನ್ನೂ ಬಹಳ ಇದೆ."